ಸಾಯದೆ ಉಳಿದ ಹುಳು

ಐದು ಬೆರಳು ಒಂದೇ ಸಮ ಇರುವುದಿಲ್ಲ ಎಂಬ ಮಾತು ಹಳ್ಳಿಯ ಕಟ್ಟೆಗಳ ಮೇಲೆ ದಿನಕ್ಕೊಮ್ಮೆಯಾದರೂ ಕೇಳಿಬರುತ್ತದೆ. ಜಗಳವಾಡುವ ಅಣ್ಣತಮ್ಮಂದಿರನ್ನು ಸಮಾಧಾನಪಡಿಸುವಾಗ, ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಗನ ಪರ ವಹಿಸುವಾಗ ಹಿರಿಯರಿಗೆ ಈ ಮಾತು ನೆರವಿಗೆ ಬರುತ್ತದೆ. ಮಾತು ಅಲ್ಲಿಗೇ ಮುಗಿಯುತ್ತದೆ. ಏಕೆ ಸಮ ಇರುವುದಿಲ್ಲ ಎಂದು ಯಾರೂ ಕೇಳುವುದಿಲ್ಲ. ತುರ್ವಿಹಾಳದ ಒಬ್ಬ ಹುಡುಗಿ ಕೇಳಿದಳು. ಅವಳು ಕೇಳಿದ್ದು ಬೆರಳುಗಳ ವಿಷಯವಾಗಿ ಅಲ್ಲ, ಹತ್ತಿಯ ಕಾಯಿಯೊಳಗೆ ಕುಳಿತಿದ್ದ ಒಂದು ಹುಳುವಿನ ವಿಷಯವಾಗಿ.

ತುರ್ವಿಹಾಳ ಇರುವುದು ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಸಿಂಧನೂರು ಭತ್ತದ ಕಣಜವೆಂದು ಹೆಸರಾಯಿತು. ಆದರೆ ನೀರು ಎಲ್ಲರ ಹೊಲಕ್ಕೂ ಒಂದೇ ಸಮ ಹರಿಯುವುದಿಲ್ಲವಲ್ಲ. ಕಾಲುವೆಯ ಕೊನೆಯ ಭಾಗದವರು, ನೀರು ಏರದ ಎರೆಹೊಲದವರು ಇಂದಿಗೂ ಜೋಳ, ಕಡಲೆ, ತೊಗರಿ, ಹತ್ತಿಯನ್ನೇ ನೆಚ್ಚಿಕೊಂಡಿದ್ದಾರೆ. ಹುಡುಗಿಯ ತಂದೆ ಅಂಥವರಲ್ಲಿ ಒಬ್ಬರು. ಹತ್ತಿಯ ದುಡ್ಡಿನಲ್ಲೇ ಮಗಳ ಓದು, ಮಗನ ಹಾಸ್ಟೆಲ್ಲು, ಮನೆಯ ಹಬ್ಬಹುಣ್ಣಿಮೆ. ಮಗಳು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿ.ಎಸ್‌ಸಿ. ಸೇರಿದಾಗ, ಡಾಕ್ಟರೋ ಎಂಜಿನಿಯರೋ ಆಗುವುದನ್ನು ಬಿಟ್ಟು ಹೊಲ ಹಸನು ಮಾಡುವುದನ್ನು ಕಲಿಯಲು ರಾಯಚೂರಿಗೇಕೆ ಹೋಗಬೇಕು ಎಂದು ನೆಂಟರು ನಕ್ಕಿದ್ದರು. ತಂದೆ ನಗಲಿಲ್ಲ. ಹಾಗೆಂದು ಅವರಿಗೆ ಪೂರ್ಣ ನಂಬಿಕೆಯೂ ಇರಲಿಲ್ಲ.

2015ರಲ್ಲಿ ಬಿತ್ತಿದ ಹತ್ತಿ ಅದು. ಎಳ್ಳಮಾವಾಸ್ಯೆಗೆ ಮಗಳು ಊರಿಗೆ ಬಂದಿದ್ದಳು. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜೆರೊಟ್ಟಿ ಶೇಂಗಾ ಹೋಳಿಗೆ ಉಂಡು ಕುಳಿತಿದ್ದಾಗ ತಂದೆ ಎದ್ದು ಹೋಗಿ ಒಂದು ಹಿಡಿ ಹತ್ತಿಕಾಯಿ ಕಿತ್ತು ತಂದರು. ಒಂದೊಂದಾಗಿ ಬಿಡಿಸಿದರು. ಹೊರಗಿನಿಂದ ಕಾಯಿ ಗಟ್ಟಿ, ದುಂಡು, ಯಾವ ಗಾಯವೂ ಇಲ್ಲ. ಒಳಗೆ ಬೆರಳುಗುರಿನುದ್ದದ ನಸುಗೆಂಪು ಹುಳು, ಅದು ತಿಂದು ಬಿಟ್ಟ ಬೀಜ, ಬಣ್ಣಗೆಟ್ಟ ಹಳದಿ ಅರಳೆ. ಗುಲಾಬಿ ಕಾಯಿಕೊರಕ.

“ಬೀಜಾನ ಖೊಟ್ಟಿ ಕೊಟ್ಟಾನ” ಎಂದರು ತಂದೆ. ಅವರು ಬಿತ್ತಿದ್ದು ಬಿಟಿ ಹತ್ತಿ. ಕಾಯಿಕೊರಕ ಸಾಯಬೇಕಾದ ಹತ್ತಿ. ಹುಳು ಸಾಯಲಿಲ್ಲವೆಂದರೆ ಬೀಜ ನಕಲಿ ಎಂಬುದು ಅವರ ಲೆಕ್ಕ. ಬೀಜ ಮಾರಿದ ಅಂಗಡಿಯವರು ಇಪ್ಪತ್ತು ವರ್ಷದ ಗೆಳೆಯರು. ಹೋಳಿಹಬ್ಬಕ್ಕೂ ಮಗಳ ಫೀಸಿಗೂ ಸಾಲ ಕೊಟ್ಟವರು. ಆ ವರ್ಷ ತಂದೆ ಅವರ ಅಂಗಡಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿದರು. ಊರಿನ ಇನ್ನೂ ನಾಲ್ಕಾರು ಮಂದಿ ಹಾಗೆಯೇ ಮಾಡಿದರು.

ಮಗಳಿಗೆ ಎರಡು ಸಂಗತಿಗಳು ಸರಿಹೊಂದಲಿಲ್ಲ. ಬೀಜ ನಕಲಿಯಾಗಿದ್ದರೆ ಹಸಿರು ಕಾಯಿಕೊರಕವೂ ಬರಬೇಕಿತ್ತು. ಬಿಟಿ ಬರುವ ಮುಂಚೆ ರೈತರನ್ನು ಹೆಚ್ಚಾಗಿ ಗೋಳಾಡಿಸುತ್ತಿದ್ದುದು ಅದೇ. ಹೊಲವೆಲ್ಲ ಸುತ್ತಿದರೂ ಹಸಿರು ಹುಳು ಒಂದೂ ಸಿಗಲಿಲ್ಲ. ಇರುವುದೆಲ್ಲ ಗುಲಾಬಿಯೇ. ಎರಡನೆಯದಾಗಿ, ಬದುವಿನಾಚೆಯವರು ಬೇರೆ ಅಂಗಡಿಯಿಂದ ಬೇರೆ ಹೆಸರಿನ ಬೀಜ ತಂದಿದ್ದರು. ಅವರ ಕಾಯಿಯಲ್ಲೂ ಇದೇ ಹುಳು. ಅಷ್ಟು ಅಂಗಡಿಯವರು ಒಟ್ಟಾಗಿ ಒಂದೇ ಬಗೆಯ ಮೋಸ ಮಾಡಿರಲು ಸಾಧ್ಯವೆ?

ಅವಳು ನಾಲ್ಕಾರು ಗಿಡಗಳ ಎಲೆ ಕಿತ್ತು ಪೊಟ್ಟಣ ಕಟ್ಟಿಕೊಂಡು ರಾಯಚೂರಿಗೆ ಹೋದಳು. ಬಿಟಿ ಹತ್ತಿಯನ್ನು ಗುರುತಿಸಲು ಒಂದು ಸರಳ ಪಟ್ಟಿ ಇದೆ. ಎಲೆಯನ್ನು ಅರೆದು ರಸ ತೆಗೆದು ಪಟ್ಟಿಯ ತುದಿಯನ್ನು ಅದ್ದಿದರೆ, ಎಲೆಯಲ್ಲಿ ಬಿಟಿ ವಿಷವಿದ್ದ ಪಕ್ಷದಲ್ಲಿ ಗೆರೆ ಮೂಡುತ್ತದೆ. ಗೆರೆ ಮೂಡಿತು. ಬೀಜ ಅಸಲಿಯೇ. ನಕಲಿ ಬೀಜ ಮಾರುವವರು ಇಲ್ಲವೆಂದಲ್ಲ. ಅಂಥವರಿಂದ ಹಾಳಾದ ಮನೆಗಳಿವೆ. ಆದರೆ ಈ ಹೊಲದಲ್ಲಿ ತಪ್ಪು ಬೀಜದ್ದಾಗಿರಲಿಲ್ಲ. ಹಾಗಾದರೆ ಬದಲಾಗಿದ್ದು ಹುಳುವೇ ಇರಬೇಕು.

ಫೋನಿನಲ್ಲಿ ವಿಷಯ ತಿಳಿಸಿದಾಗ ತಂದೆ, “ಅಂದ್ರ ಹುಳಕ್ಕ ವಿಷ ರೂಢಿ ಆಗ್ಯಾದ, ಕುಡುಕಗ ಸೆರೆ ರೂಢಿ ಆದಂಗ” ಎಂದರು. ಬಹಳ ಜನ ಹೀಗೆಯೇ ತಿಳಿಯುತ್ತಾರೆ. ಸಂಗತಿ ಹಾಗಿಲ್ಲ. ವಿಷ ತಿಂದು ತಿಂದು ಯಾವ ಹುಳುವೂ ರೂಢಿ ಮಾಡಿಕೊಳ್ಳಲಿಲ್ಲ. ವಿಷ ಬರುವ ಮೊದಲೇ ಲಕ್ಷಾಂತರ ಹುಳುಗಳ ನಡುವೆ ಎಲ್ಲೋ ಒಂದೆರಡು, ಆ ವಿಷ ತಾಗದಂತೆ ಹುಟ್ಟಿದ್ದವು. ಐದು ಬೆರಳು ಸಮ ಇರದಂತೆ ಹುಳುಗಳೂ ಸಮ ಇರಲಿಲ್ಲ, ಅಷ್ಟೆ. ಉಳಿದವು ಸತ್ತವು, ಅವು ಉಳಿದವು, ಅವುಗಳ ಮಕ್ಕಳು ಹೊಲ ತುಂಬಿದವು. ಇದನ್ನು ಬಾಯಿಮಾತಿನಲ್ಲಿ ಹೇಳುವುದು ಸುಲಭ. ಸತ್ತ ಹುಳುವಿಗೂ ಉಳಿದ ಹುಳುವಿಗೂ ಒಳಗೆ ಇರುವ ವ್ಯತ್ಯಾಸವೇನು, ಅದು ವಂಶವಾಹಿಯ ಯಾವ ಜಾಗದಲ್ಲಿದೆ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಹುಡುಗಿಯ ಮನಸ್ಸನ್ನು ಹಿಡಿದದ್ದು ಆ ಕೆಲಸ.

ಆ ಕೆಲಸದ ಬಗೆಯನ್ನು ಅರಿಯಲು ತುರ್ವಿಹಾಳದವರು ದೂರ ಹೋಗಬೇಕಿಲ್ಲ. ಪಕ್ಕದ ಮಸ್ಕಿಗೆ ಹೋದರೆ ಸಾಕು. ಅಲ್ಲಿನ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಅಶೋಕ ತನ್ನ ಸಂದೇಶಗಳನ್ನು ದೇಶದ ಹತ್ತಾರು ಕಡೆ ಕಲ್ಲಿನಲ್ಲಿ ಕೆತ್ತಿಸಿದ. ಹೆಚ್ಚಿನವುಗಳಲ್ಲಿ ‘ದೇವಾನಂಪಿಯ’, ‘ಪಿಯದಸಿ’ ಎಂಬ ಬಿರುದುಗಳಷ್ಟೇ ಇದ್ದವು, ಅಶೋಕ ಎಂಬ ಹೆಸರಿರಲಿಲ್ಲ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಶಾಸನವನ್ನು ಬೆಳಕಿಗೆ ತಂದಾಗ ಅದರಲ್ಲಿ ಅಶೋಕನ ಹೆಸರು ನೇರವಾಗಿ ಕಂಡಿತು. ದೇವಾನಂಪಿಯನೇ ಅಶೋಕ ಎಂಬ ವಿದ್ವಾಂಸರ ಊಹೆ ಅಂದು ದೃಢವಾಯಿತು. ಒಂದೇ ಒಕ್ಕಣೆಯ ಅನೇಕ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ, ಒಂದು ಪ್ರತಿಯಲ್ಲಿ ಮಾತ್ರ ಇರುವ ಒಂದು ಪದ ಇಡೀ ಕಥೆಯನ್ನು ಬಿಚ್ಚುತ್ತದೆ. ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವ ಪಂಡಿತರು ಇಂಥ ವ್ಯತ್ಯಾಸಗಳನ್ನು ಪಾಠಾಂತರ ಎನ್ನುತ್ತಾರೆ.

ಜೀವಿಗಳ ಡಿಎನ್‌ಎ ಕೂಡ ಇಂಥದೇ ಒಂದು ಬರಹ. ನಾಲ್ಕೇ ಅಕ್ಷರಗಳು, ಆದರೆ ಕೋಟಿಗಟ್ಟಲೆ ಉದ್ದ. ಒಂದು ಜಾತಿಯ ಪ್ರತಿ ಜೀವಿಯಲ್ಲೂ ಆ ಬರಹದ ಎರಡು ಪ್ರತಿಗಳಿರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಬರಹ ಬಹುಪಾಲು ಒಂದೇ. ಅಲ್ಲಲ್ಲಿ ಪಾಠಾಂತರ. ಕೆಲವರ ಕಣ್ಣು ಕಂದು, ಕೆಲವು ಹುಳುಗಳಿಗೆ ವಿಷ ತಾಗದು, ಇವೆಲ್ಲ ಆ ಪಾಠಾಂತರಗಳ ಫಲ. ಯಾವ ಪಾಠಾಂತರದಿಂದ ಯಾವ ಗುಣ ಬಂತು ಎಂದು ಹುಡುಕಿ ಗುರುತು ಹಾಕುವುದೇ ವಂಶವಾಹಿಗಳ ನಕ್ಷೆ ಬಿಡಿಸುವ ಕೆಲಸ.

ಹತ್ತನೆಯ ತರಗತಿಯ ಮಕ್ಕಳಿಗೆ ಮೆಂಡೆಲ್ ಗೊತ್ತು. ಅವನು ತನ್ನ ತೋಟದಲ್ಲಿ ಬಟಾಣಿ ಗಿಡಗಳನ್ನು ತಾನೇ ಬಯಸಿದಂತೆ ಕೂಡಿಸಿದ, ಮಕ್ಕಳನ್ನು ಎಣಿಸಿದ, ಮೂರಕ್ಕೊಂದರ ಲೆಕ್ಕ ಕಂಡ. ಗಿಡ ಯಾರ ಮಗು ಎಂಬುದು ಅವನಿಗೆ ತಿಳಿದಿತ್ತು. ಕಾಡಿನಲ್ಲಿ, ಹೊಲದಲ್ಲಿ ಹಾರಾಡುವ ಜೀವಿಗಳಿಗೆ ಜಾತಕ ಬರೆದಿಟ್ಟವರಿಲ್ಲ. ಯಾವ ಪತಂಗ ಯಾವುದರ ಮಗಳು? ಯಾವ ಹುಲಿಗೆ ಯಾವ ಹುಲಿ ತಂದೆ? ಹೀಗಾಗಿ ಕಾಡುಜೀವಿಗಳ ಗುಣದ ಮೂಲ ಹುಡುಕುವವರು ತೋಟದ ಮೆಂಡೆಲ್‌ಗಿಂತ ಬಹಳ ಎಚ್ಚರವಾಗಿರಬೇಕಾಗುತ್ತದೆ.

ಎಚ್ಚರ ತಪ್ಪಿದರೆ ಎಂಥ ನಗೆಪಾಟಲಾಗುತ್ತದೆ ಎಂಬುದಕ್ಕೆ ಸಿಂಧನೂರಿನದೇ ಉದಾಹರಣೆ ಕೊಡಬಹುದು. ಕಾಲುವೆ ಬಂದಾಗ ಆಂಧ್ರದ ಕಡೆಯಿಂದ ರೈತರು ಬಂದು ಕ್ಯಾಂಪುಗಳಲ್ಲಿ ನೆಲೆಸಿದರು. ಅವರಿಗೆ ಎರಡು ಹೊತ್ತೂ ಅನ್ನ ಬೇಕು. ಊರಿನವರಿಗೆ ಜೋಳದ ರೊಟ್ಟಿ ಬೇಕು. ಯಾರೋ ಅರೆಬೆಂದ ವಿಜ್ಞಾನಿ ಅನ್ನ ಉಣ್ಣುವವರ ಮತ್ತು ರೊಟ್ಟಿ ತಿನ್ನುವವರ ಡಿಎನ್‌ಎ ತಂದು ಹೋಲಿಸಿದನೆನ್ನಿ. ಎರಡು ಗುಂಪಿನ ಪೂರ್ವಜರು ಬೇರೆ ಬೇರೆ ಕಡೆಯವರಾದ್ದರಿಂದ ಅಲ್ಲಲ್ಲಿ ಕೆಲವು ಅಕ್ಷರ ಬೇರೆಯಾಗಿಯೇ ಇರುತ್ತವೆ. ಅವನು ‘ಅನ್ನದ ವಂಶವಾಹಿ ಸಿಕ್ಕಿತು’ ಎಂದು ಸಾರಿಬಿಡುತ್ತಾನೆ! ಅನ್ನ ಬಂದದ್ದು ರೂಢಿಯಿಂದ. ಅಕ್ಷರ ಬಂದದ್ದು ಊರಿನಿಂದ. ಎರಡೂ ಜೊತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಗುಜರಾತಿನ ಉಳಿದ ಹುಳುಗಳನ್ನು ರಾಯಚೂರಿನ ಸತ್ತ ಹುಳುಗಳ ಜೊತೆ ಹೋಲಿಸಿದರೂ ಇದೇ ಮೋಸ. ಊರಿನ ಗುರುತನ್ನು ಗುಣದ ಗುರುತೆಂದು ತಿಳಿದಂತಾಗುತ್ತದೆ. ಜೊತೆಗೆ ನೀರು, ಗೊಬ್ಬರ, ಹವೆಯ ಪಾಲೂ ಇದೆ. ಕಾಲುವೆಯ ಬದಿಯ ಜೋಳ ಎತ್ತರವಾದರೆ ಅದು ತಳಿಯ ಹೆಚ್ಚಳವಲ್ಲ, ನೀರಿನ ಹೆಚ್ಚಳ. ಮೇಲಾಗಿ ಎತ್ತರ, ಇಳುವರಿ ಮುಂತಾದ ಗುಣಗಳ ಹಿಂದೆ ಒಂದಲ್ಲ, ನೂರಾರು ಪಾಠಾಂತರಗಳಿದ್ದು ಒಂದೊಂದೂ ಎಳ್ಳಷ್ಟೇ ಕೆಲಸ ಮಾಡುತ್ತಿರುತ್ತವೆ.

ಅದೃಷ್ಟವಶಾತ್ ಕೆಲವು ಗುಣಗಳು ಅಷ್ಟು ತೊಡಕಿನವಲ್ಲ. ಕರ್ನಾಟಕದ ವಿಜ್ಞಾನಿಗಳೇ ಬಿಡಿಸಿದ ಅಂಥ ಒಂದು ಒಗಟನ್ನು ಹುಡುಗಿ ಮುಂದೆ ಕೀಟಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿದ ಬಳಿಕ ಓದಿದಳು. ಒಡಿಶಾದ ಸಿಮಿಲಿಪಾಲ ಕಾಡಿನಲ್ಲಿ ಕಪ್ಪು ಹುಲಿಗಳಿವೆ. ಪೂರ್ತಿ ಕಪ್ಪಲ್ಲ, ಪಟ್ಟೆಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಂಡು ಮೈಯೆಲ್ಲ ಕಪ್ಪಾದಂತೆ ಕಾಣುತ್ತವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್, ವಿನಯ್ ಸಾಗರ್ ಮತ್ತು ಸಂಗಡಿಗರು ಮೊದಲು ಮೃಗಾಲಯಗಳಲ್ಲಿ ಹುಟ್ಟಿದ ಇಂಥ ಹುಲಿಗಳ ಸಂಸಾರವನ್ನು ಹಿಡಿದರು. ಅಲ್ಲಿ ತಂದೆತಾಯಿ ಯಾರೆಂಬುದು ದಾಖಲೆಯಲ್ಲಿತ್ತು. ಕಪ್ಪು ಮಕ್ಕಳಿಗೂ ಸಾಮಾನ್ಯ ಮಕ್ಕಳಿಗೂ ಡಿಎನ್‌ಎ ಎಲ್ಲಿ ಬೇರೆಯಾಗುತ್ತದೆಂದು ನೋಡುತ್ತ ಹೋದಾಗ ‘ಟಾಕ್‌ಪೆಪ್’ ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದು ಕಂಡಿತು. ಬೆಕ್ಕಿನ ಮೈಮೇಲೆ ಗೆರೆಗಳ ಬದಲು ಸುರುಳಿ ಮೂಡಿಸುವುದೂ ಇದೇ ವಂಶವಾಹಿ. ತಾಯಿಯ ಪ್ರತಿ, ತಂದೆಯ ಪ್ರತಿ ಎರಡರಲ್ಲೂ ಆ ಅಕ್ಷರ ಬದಲಾಗಿದ್ದರೆ ಮಾತ್ರ ಹುಲಿ ಕಪ್ಪು. 2021ರಲ್ಲಿ ಇದು ಪ್ರಕಟವಾಯಿತು. ಸಿಮಿಲಿಪಾಲದಲ್ಲಿ ಈ ಪಾಠಾಂತರ ಸಾಮಾನ್ಯ. ದೇಶದ ಬೇರೆ ಕಾಡುಗಳ ಹುಲಿಗಳಲ್ಲಿ ಹುಡುಕಿದರೂ ಸಿಗಲಿಲ್ಲ.

ಸಿಮಿಲಿಪಾಲದಲ್ಲಿ ಅದು ಹೆಚ್ಚಿದ್ದೇಕೆ? ಕಪ್ಪಾದದ್ದರಿಂದ ಹುಲಿಗೆ ಬೇಟೆ ಸುಲಭವಾಯಿತೆಂದು ಊಹಿಸಬೇಕಾಗಿಲ್ಲ. ಆ ಕಾಡು ಉಳಿದ ಹುಲಿಕಾಡುಗಳಿಂದ ಕಡಿದುಹೋಗಿ ಬಹಳ ಕಾಲವಾಗಿದೆ. ಅಲ್ಲಿ ಉಳಿದ ಹುಲಿಗಳೇ ಕೆಲವು. ಹೊರಗಿನ ಸಂಬಂಧ ತಪ್ಪಿದ ಸಣ್ಣ ಊರಿನಲ್ಲಿ ಒಂದೇ ಮನೆತನದ ಮೂಗು ಎಲ್ಲರ ಮುಖದಲ್ಲೂ ಕಾಣುವ ಹಾಗೆ, ಅಪರೂಪದ ಒಂದು ಅಕ್ಷರ ಆಕಸ್ಮಿಕವಾಗಿ ಎಲ್ಲೆಡೆ ಹರಡಿತು. ಗುಣದ ಮೂಲ ಅಕ್ಷರದಲ್ಲಿ ಸಿಕ್ಕಿತು. ಅದು ಹೆಚ್ಚಿದ ಕಾರಣ ಸಿಕ್ಕಿದ್ದು ಕಾಡಿನ ಕಥೆಯಲ್ಲಿ. ಹುಡುಗಿಗೆ ಹೊಳೆದದ್ದು ಇದೇ ಮಾತು. ಅಕ್ಷರ ಹುಡುಕಿದರೆ ಅರ್ಧ ಕೆಲಸವಾಯಿತು. ಅಪರೂಪದ ಅಕ್ಷರ ಊರೆಲ್ಲ ಏಕೆ ತುಂಬಿತು ಎಂಬುದು ಉಳಿದ ಅರ್ಧ.

ಈಗ ಹತ್ತಿಯ ಹುಳುವಿಗೆ ಬರೋಣ. ಬಿಟಿ ವಿಷ ಕೆಲಸ ಮಾಡುವುದು ಬೀಗ ಮತ್ತು ಕೀಲಿಯಂತೆ. ಹುಳು ಹತ್ತಿಯನ್ನು ತಿಂದಾಗ ವಿಷ ಅದರ ಕರುಳು ಸೇರುತ್ತದೆ. ಕರುಳಿನ ಗೋಡೆಯಲ್ಲಿ ಕ್ಯಾಡ್‌ಹೆರಿನ್ ಎಂಬ ಪ್ರೋಟೀನು ಬೀಗದಂತಿದೆ. ವಿಷದ ಕೀಲಿ ಅದಕ್ಕೆ ಹೊಂದಿಕೊಂಡರೆ ಮುಂದೆ ಕರುಳಿನ ಗೋಡೆ ತೂತಾಗಿ ಹುಳು ಸಾಯುತ್ತದೆ. ಬೀಗವೇ ಮುರಿದಿದ್ದರೆ? ಕೀಲಿ ಕೂರುವುದಿಲ್ಲ, ಹುಳು ಸಾಯುವುದಿಲ್ಲ. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಬ್ರೂಸ್ ತಬಾಶ್ನಿಕ್ ಮತ್ತು ಸಂಗಡಿಗರು, ಹೊಲದಿಂದ ತಂದ ಗುಲಾಬಿ ಕಾಯಿಕೊರಕಗಳಿಗೆ ಪ್ರಯೋಗಶಾಲೆಯಲ್ಲಿ ಈ ವಿಷ ಉಣಿಸಿ, ಉಳಿದವುಗಳ ಸಂತಾನವನ್ನು ಬೆಳೆಸಿ ನೋಡಿದರು. ಕ್ಯಾಡ್‌ಹೆರಿನ್ ವಂಶವಾಹಿ ಮೂರು ಬಗೆಯಲ್ಲಿ ಕೆಟ್ಟಿರುವುದು 2003ರಲ್ಲಿ ಪ್ರಕಟವಾಯಿತು. ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಹುಳು ಉಳಿಯುತ್ತದೆ. ಒಂದು ಪ್ರತಿ ಸರಿಯಿದ್ದರೂ ಬೀಗ ಇರುತ್ತದೆ, ಹುಳು ಸಾಯುತ್ತದೆ. ಬಳಿಕ 2001ರಿಂದ 2005ರವರೆಗೆ 59 ಹೊಲಗಳಿಂದ ಹಿಡಿದ 5,571 ಕೀಟಗಳ ಡಿಎನ್‌ಎಯಲ್ಲಿ ಆ ಮೂರು ಪಾಠಾಂತರಗಳನ್ನು ಹುಡುಕಿದರು. ಒಂದೂ ಸಿಗಲಿಲ್ಲ. ಅಲ್ಲಿನ ಹೊಲಗಳಲ್ಲಿ ಬಿಟಿ ಹತ್ತಿ ಬೆಳೆಯತೊಡಗಿ ಹತ್ತು ವರ್ಷ ಸಂದಿತ್ತು!

ಭಾರತದಲ್ಲಿ ಕಥೆ ಬೇರೆಯಾಯಿತು. 2002ರ ಮಾರ್ಚಿನಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. 2006ರಲ್ಲಿ ಎರಡು ವಿಷಗಳಿರುವ ಬಿಟಿ ಬಂತು. 2010ರ ಹೊತ್ತಿಗೆ ಗುಜರಾತಿನ ಅಮ್ರೇಲಿ ಮುಂತಾದ ಕಡೆ ಮೊದಲ ವಿಷಕ್ಕೆ ಗುಲಾಬಿ ಹುಳು ಜಗ್ಗುತ್ತಿಲ್ಲವೆಂಬುದು ಖಚಿತವಾಯಿತು. ಭಾರತದ ಹೊಲಗಳ ಹುಳುಗಳ ಕ್ಯಾಡ್‌ಹೆರಿನ್ ವಂಶವಾಹಿಯನ್ನು ಓದಿ ನೋಡಿದಾಗ, 2014ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಅದು ಎಂಟು ಹೊಸ ಬಗೆಯಲ್ಲಿ ಕೆಟ್ಟಿತ್ತು. ಅರಿಜೋನಾದ ಮೂರರಲ್ಲಿ ಒಂದೂ ಅಲ್ಲ, ಬೇರೆಯೇ ಎಂಟು. ಬೀಗ ಒಂದೇ, ಮುರಿಯುವ ದಾರಿ ಹಲವು. ಹೀಗಾಗಿ ಒಂದು ಅಕ್ಷರವನ್ನಷ್ಟೇ ಹುಡುಕುವ ಪರೀಕ್ಷೆಯಿಂದ ಎಲ್ಲ ಹುಳುಗಳನ್ನೂ ಹಿಡಿಯಲಾಗುವುದಿಲ್ಲ. ಹುಳುವನ್ನು ತಂದು, ವಿಷ ಉಣಿಸಿ, ಸತ್ತಿತೋ ಉಳಿಯಿತೋ ಎಂದು ನೋಡುವ ಹಳೆಯ ಪರೀಕ್ಷೆಯೂ ಬೇಕೇ ಬೇಕು. 2018ರಲ್ಲಿ ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯವರು ದೇಶದ ಹತ್ತು ಹತ್ತಿ ರಾಜ್ಯಗಳ ಹುಳುಗಳನ್ನು ಹೀಗೆ ಪರೀಕ್ಷಿಸಿದ ವರದಿ ಹೊರತಂದರು. ಎರಡೂ ವಿಷಗಳಿಗೆ ಜಗ್ಗದ ಹುಳು ಹೊಲಕ್ಕೆ ಬಂದಿತ್ತು. ಎರಡನೆಯ ವಿಷಕ್ಕೆ ಬೇರೆಯದೇ ಬೀಗ, ಅದರ ಮೂಲವೂ ಬೇರೆಯೇ ವಂಶವಾಹಿಯಲ್ಲಿ ಸಿಕ್ಕಿತು.

ಅಲ್ಲಿ ಹತ್ತು ವರ್ಷ ಕಳೆದರೂ ಕಾಣದ ಪಾಠಾಂತರ ಇಲ್ಲಿ ಅಷ್ಟರೊಳಗೆ ಹೊಲ ತುಂಬಿದ್ದೇಕೆ? ಇದಕ್ಕೆ ಸಣ್ಣ ಲೆಕ್ಕ ಸಾಕು. ಕೆಟ್ಟ ಪ್ರತಿ ಸಾವಿರದಲ್ಲಿ ಒಂದು ಎಂದಿಟ್ಟುಕೊಳ್ಳಿ. ಎರಡೂ ಪ್ರತಿ ಕೆಟ್ಟ ಹುಳು ಹುಟ್ಟಬೇಕಾದರೆ ಸಾವಿರವನ್ನು ಸಾವಿರದಿಂದ ಗುಣಿಸಿ, ಹತ್ತು ಲಕ್ಷದಲ್ಲಿ ಒಂದು. ಬಿಟಿ ಹೊಲದಲ್ಲಿ ಆ ಒಂದೇ ಉಳಿಯುತ್ತದೆ. ಸುತ್ತಲೂ ಸಾಮಾನ್ಯ ಹತ್ತಿಯ ಸಾಲುಗಳಿದ್ದರೆ, ಅಲ್ಲಿ ವಿಷವಿಲ್ಲದ ಕಾಯಿ ತಿಂದು ಬೆಳೆದ ಸಾವಿರಾರು ಸಾಮಾನ್ಯ ಪತಂಗಗಳಿರುತ್ತವೆ. ಉಳಿದ ಒಂದು ಪತಂಗಕ್ಕೆ ಜೋಡಿ ಸಿಗುವುದು ಅವುಗಳಲ್ಲೇ. ಅದರ ಮಕ್ಕಳಿಗೆಲ್ಲ ಒಂದು ಕೆಟ್ಟ ಪ್ರತಿ, ಒಂದು ಒಳ್ಳೆಯ ಪ್ರತಿ. ಅವು ಬಿಟಿ ತಿಂದರೆ ಸಾಯುತ್ತವೆ. ಸಾಮಾನ್ಯ ಸಾಲುಗಳೇ ಇಲ್ಲದಿದ್ದರೆ, ಉಳಿದದ್ದಕ್ಕೆ ಉಳಿದದ್ದೇ ಜೋಡಿ. ಮಕ್ಕಳೆಲ್ಲ ಉಳಿಯುವವೇ. ನಾಲ್ಕಾರು ತಲೆಮಾರಿನಲ್ಲಿ ಹೊಲ ತುಂಬುತ್ತದೆ. ಹುಳುವಿನ ತಲೆಮಾರೆಂದರೆ ಒಂದೂಕಾಲು ತಿಂಗಳ ಮಾತು.

ಈ ಲೆಕ್ಕ ಗೊತ್ತಿದ್ದುದರಿಂದಲೇ 450 ಗ್ರಾಂ ಬಿಟಿ ಬೀಜದ ಜೊತೆಗೆ 120 ಗ್ರಾಂ ಸಾಮಾನ್ಯ ಬೀಜದ ಸಣ್ಣ ಪೊಟ್ಟಣ ಕೊಡುತ್ತಿದ್ದರು. ಹೊಲದ ಸುತ್ತ ಐದು ಸಾಲು ಬಿತ್ತಬೇಕಿತ್ತು. ಹುಳುವಿಗೆಂದು ಬೆಳೆ ಬೆಳೆಯುವುದು ಯಾವ ರೈತನಿಗೆ ಒಪ್ಪಿತವಾದೀತು? ಬಹುಪಾಲು ಹೊಲಗಳಲ್ಲಿ ಆ ಪೊಟ್ಟಣ ಮಣ್ಣಿಗೆ ಬೀಳಲೇ ಇಲ್ಲ. ಅದೇಕೆ ಎಂದು ತಿಳಿಯುವಂತೆ ಹೇಳಿದವರೂ ಕಡಿಮೆ. ಜೊತೆಗೆ ನೀರಿರುವ ಕಡೆ ಹತ್ತಿಯನ್ನು ಬೇಗ ಕೀಳದೆ ಬೇಸಿಗೆಯವರೆಗೆ ಎಳೆದರು. ಹುಳುವಿಗೆ ವರ್ಷವಿಡೀ ಊಟ ಸಿಕ್ಕಿತು. ಇನ್ನೊಂದು ಕಾರಣ ಕಾಯಿಯೊಳಗೇ ಇತ್ತು. ಇಲ್ಲಿ ಬಿತ್ತುವುದು ಸಂಕರ ಬೀಜ, ಬಿಟಿ ಗುಣ ಒಂದು ಕಡೆಯಿಂದ ಮಾತ್ರ ಬಂದದ್ದು. ಅದರ ಕಾಯಿಯಲ್ಲಿ ಬೆಳೆಯುವ ಬೀಜಗಳು ಮೆಂಡೆಲ್‌ನ ಲೆಕ್ಕದಂತೆ ಹಂಚಿಹೋಗುತ್ತವೆ, ಒಂದು ವಂಶವಾಹಿಗೆ ನಾಲ್ಕರಲ್ಲೊಂದು ಬೀಜ ವಿಷವಿಲ್ಲದ್ದು. ಬೀಜವನ್ನೇ ತಿನ್ನುವ ಗುಲಾಬಿ ಹುಳು ಇದರಿಂದ ಅರೆವಿಷ ಉಂಡು, ಒಂದೇ ಪ್ರತಿ ಕೆಟ್ಟದ್ದೂ ಬದುಕುವ ಸಂದರ್ಭ ಬರುತ್ತದೆಂದು ಕೀಟತಜ್ಞರು ಎಚ್ಚರಿಸಿದ್ದಾರೆ. ಹಸಿರು ಹುಳು ಆ ಹೊಲದಲ್ಲಿ ಏಕೆ ಕಾಣಲಿಲ್ಲ ಎಂಬುದೂ ಈಗ ತಿಳಿಯುತ್ತದೆ. ಅದು ಹತ್ತಿಯೊಂದನ್ನೇ ನಂಬಿದ್ದಲ್ಲ. ತೊಗರಿ, ಕಡಲೆ, ಜೋಳ ಎಲ್ಲವನ್ನೂ ತಿನ್ನುತ್ತದೆ. ಆ ಬೆಳೆಗಳಲ್ಲಿ ವಿಷವಿಲ್ಲ, ಸಾಮಾನ್ಯ ಹುಳು ಅಲ್ಲಿ ಧಾರಾಳವಾಗಿ ಉಳಿಯುತ್ತದೆ. ಯಾರೂ ಬಿತ್ತದಿದ್ದರೂ ಅದಕ್ಕೆ ಐದು ಸಾಲು ತಾನಾಗಿಯೇ ಇತ್ತು. ಗುಲಾಬಿ ಹುಳುವಿಗೆ ಹೆಚ್ಚುಕಡಿಮೆ ಹತ್ತಿಯೇ ಗತಿ.

ಅಮೆರಿಕದ ಹತ್ತಿ ಸೀಮೆಯಲ್ಲಿ ಸಾಮಾನ್ಯ ಹತ್ತಿಯ ಸಾಲುಗಳನ್ನು ವರ್ಷಗಟ್ಟಲೆ ಉಳಿಸಿಕೊಂಡರು. ಕೊನೆಗೆ ಬಿಟಿ ಹತ್ತಿಯ ಜೊತೆಗೆ, ಸಂತಾನಶಕ್ತಿ ಕಳೆದ ಪತಂಗಗಳನ್ನು ಕೋಟಿಗಟ್ಟಲೆ ಹಾರಿಬಿಟ್ಟು, 2018ರಲ್ಲಿ ಗುಲಾಬಿ ಕಾಯಿಕೊರಕ ನಿರ್ಮೂಲವಾಯಿತೆಂದು ಘೋಷಿಸಿದರು. ಹುಳು ಒಂದೇ, ವಿಷ ಒಂದೇ. ಫಲ ಬೇರೆಯಾದದ್ದು ಹೊಲಗಳನ್ನು ನಡೆಸಿದ ರೀತಿಯಿಂದ.

ಇಷ್ಟೆಲ್ಲ ತಂದೆಗೆ ಒಂದೇ ದಿನದಲ್ಲಿ ತಿಳಿಯಲಿಲ್ಲ. ಆದರೆ ಪಟ್ಟಿಯ ಮೇಲೆ ಮೂಡಿದ ಗೆರೆ ತಿಳಿಯಿತು. ಮಗಳು ಅದನ್ನು ಯುಗಾದಿಗೆ ಬಂದಾಗ ತಂದು ತೋರಿಸಿದ್ದಳು. ಅವರು ಬಹಳ ಹೊತ್ತು ನೋಡಿ ಮಾತಾಡದೆ ಜೇಬಿನಲ್ಲಿಟ್ಟುಕೊಂಡರು. 2016ರ ಮುಂಗಾರಿಗೆ ಅಂಗಡಿಯ ಮೆಟ್ಟಿಲು ಹತ್ತಿದರು. ಅಂಗಡಿಯವರು ಏನೂ ಆಗದವರಂತೆ ಚಹಾ ತರಿಸಿದರು. ಬೀಜದ ಲೆಕ್ಕವಾದ ಮೇಲೆ ತಂದೆ, “ಆ ಸಣ್ಣ ಪೊಟ್ಟಣಾನೂ ಕೊಡು, ಮರೀಬ್ಯಾಡ” ಎಂದರು.

ಐದು ಸಾಲು ಬಿತ್ತಿದರು. ಡಿಸೆಂಬರು ದಾಟುತ್ತಲೇ ಗಿಡ ಕಿತ್ತು ಕಡಲೆ ಹಾಕುವುದೆಂದು ನಿರ್ಧರಿಸಿದರು. ಗಂಡು ಪತಂಗಗಳನ್ನು ಸೆಳೆದು ಹಿಡಿಯುವ ಮೋಹಕ ಬಲೆಗಳನ್ನು ಕೋಲಿಗೆ ಕಟ್ಟಿದರು. ಹತ್ತು ದಿನದಲ್ಲಿ ಅವರಿಗೆ ಇನ್ನೊಂದು ಪಾಠವಾಯಿತು. ಬಲೆಗೆ ಬಿದ್ದವು ತಮ್ಮ ಹೊಲದವೋ ಪಕ್ಕದವರವೋ ಎಂದು ಹೇಳುವಂತಿರಲಿಲ್ಲ. “ಪತಂಗಕ್ಕ ಬದು ಗೊತ್ತಾಗಂಗಿಲ್ಲ” ಎಂದು ಅವರು ಆ ಸಾಯಂಕಾಲ ಬದುವಿನಾಚೆಯವರ ಮನೆಗೆ ಹೋಗಿ ಕುಳಿತರು. ಮರುದಿನ ಇನ್ನೊಂದು ಮನೆಗೆ. ಕೆಲವರು ಒಪ್ಪಿದರು, ಕೆಲವರು ನಕ್ಕರು. ಸಾವಿರದಲ್ಲೊಂದು ಇದ್ದದ್ದು ಹೊಲ ತುಂಬುವುದು ಒಬ್ಬರ ತಪ್ಪಿನಿಂದಲ್ಲ, ಅದನ್ನು ಮತ್ತೆ ಅಪರೂಪ ಮಾಡುವುದೂ ಒಬ್ಬರಿಂದಾಗುವ ಕೆಲಸವಲ್ಲ. ಬೀಜದವರು, ಸರ್ಕಾರ, ವಿಜ್ಞಾನಿಗಳು, ಹೊಲದವರು, ಎಲ್ಲರ ಪಾಲೂ ಅದರಲ್ಲಿದೆ. ಸಾಮಾನ್ಯ ಬೀಜವನ್ನು ಬಿಟಿ ಬೀಜದಲ್ಲೇ ಬೆರೆಸಿ ಕೊಡುವ ಪದ್ಧತಿ ಈಚೆಗೆ ಬಂದಿರುವುದು ಈ ಅರಿವಿನಿಂದಲೇ.

ಮಕ್ಕಳು ಏನು ಓದಬೇಕೆಂದು ತಲೆ ಕೆಡಿಸಿಕೊಳ್ಳುವ ತಂದೆತಾಯಿಗಳು ಈ ಮನೆಯನ್ನು ಒಮ್ಮೆ ನೆನೆಯಬಹುದು. ಆ ಓದಿನಿಂದ ಮೊದಲ ವರ್ಷ ಮನೆಗೆ ಬಂದದ್ದು ಸಂಬಳವಲ್ಲ, ಕಳೆದುಹೋಗಿದ್ದ ಒಂದು ಗೆಳೆತನ. ಹಾಗೆಯೇ ವಿದ್ಯಾರ್ಥಿಗಳು, ಎಲ್ಲವೂ ಒಂದೇ ಥರ ಇರುವಲ್ಲಿ ಒಂದು ಬೇರೆಯಾಗಿ ಕಂಡರೆ ಅದನ್ನು ಆಚೆ ಎಸೆಯುವ ಮೊದಲು ಒಮ್ಮೆ ಕೈಯಲ್ಲಿ ಹಿಡಿದು ನೋಡಬಹುದು. ಮುಖ್ಯವಾದ ಪ್ರಶ್ನೆ ಅದರಲ್ಲೇ ಇರಬಹುದು.

ಹುಡುಗಿ ಈಗ ಸಂಶೋಧನೆಯಲ್ಲಿ ತೊಡಗಿದ್ದಾಳೆ. ಮಗಳು ಏನು ಓದುತ್ತಿದ್ದಾಳೆಂದು ನೆಂಟರು ಇಂದಿಗೂ ಕೇಳುತ್ತಾರೆ. ತಂದೆ ಈಗ ತಡವರಿಸುವುದಿಲ್ಲ. “ಹುಳ ಯಾಕ ಸತ್ತಿಲ್ಲ ಅಂತ ಓದಾಕತ್ಯಾಳ” ಎನ್ನುತ್ತಾರೆ. ಕೇಳಿದವರು ನಗುವುದರೊಳಗೆ, “ನಿಮ್ಮ ಹೊಲದ ಸುತ್ತ ಐದು ಸಾಲು ಅದಾವೇನು?” ಎಂದು ತಿರುಗಿ ಕೇಳುತ್ತಾರೆ.